ಪರಿಪೂರ್ಣತೆಯ ಹಟವನ್ನು ದಿನನಿತ್ಯದ ಬದುಕಿನಲ್ಲಿ ಸಡಿಲಿಸುವುದು ಹೇಗೆ: ಹೊರನಾಡ ಕನ್ನಡಿಗರಿಗೊಂದು ಸಮಗ್ರ ಮಾರ್ಗದರ್ಶಿ

ಕೈಗೆತ್ತಿಕೊಂಡ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸಬೇಕೆಂಬ ಬಯಕೆಯಲ್ಲಿ ತಪ್ಪೇನೂ ಇಲ್ಲ. ಮುಂಬೈ, ಪುಣೆ, ಗೋವಾಗಳಿಗೆ ಬಂದು ನೆಲೆಸಿದ ಅನೇಕ ಕನ್ನಡಿಗರಿಗೆ ಹೋಟೆಲಿನ ಗಲ್ಲಾಪೆಟ್ಟಿಗೆಯಿಂದ ಬ್ಯಾಂಕಿನ ಲೆಡ್ಜರಿನವರೆಗೆ ಹೆಸರು ತಂದುಕೊಟ್ಟದ್ದು ಈ ಅಚ್ಚುಕಟ್ಟೇ. ಆದುದರಿಂದ ಕೆಲಸವನ್ನು ಹೇಗೋ ಮಾಡಿ ಮುಗಿಸಿರಿ ಎಂದು ಹೇಳುವುದು ಈ ಬರಹದ ಉದ್ದೇಶವಲ್ಲ. ಅಡುಗೆಮನೆಯ ಕಟ್ಟೆಯನ್ನು ಮೂರನೆಯ ಸಲ ಒರೆಸಿದ ಮೇಲೂ ಮಲಗಲು ಮನಸ್ಸು ಬಾರದವರು, ನಾಲ್ಕು ಸಾಲಿನ ಇ-ಮೇಲನ್ನು ಅರ್ಧ ಗಂಟೆ ತಿದ್ದಿ ಕೊನೆಗೂ ಕಳಿಸದೆ ಉಳಿಯುವವರು, ಸಂಘದ ವೇದಿಕೆಯಲ್ಲಿ ಎರಡು ಮಾತನಾಡಿ ಬಂದು ರಾತ್ರಿಯಿಡೀ ಒಂದು ತಪ್ಪು ಪದವನ್ನೇ ನೆನೆದು ಹೊರಳಾಡುವವರು, ಇಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇವರು ಸೋಮಾರಿಗಳಲ್ಲ, ಅಸಮರ್ಥರಂತೂ ಅಲ್ಲವೇ ಅಲ್ಲ. ಎಲ್ಲಿ ನಿಲ್ಲಿಸಬೇಕೆಂಬುದು ಮಾತ್ರ ಅವರ ಕೈಯಲ್ಲಿ ಉಳಿದಿಲ್ಲ. ಆ ನಿಲುಗಡೆಯನ್ನು ಕೆಲಸ ಆರಂಭಿಸುವ ಮೊದಲೇ ತಾವಾಗಿ ಗೊತ್ತುಮಾಡಿಕೊಳ್ಳುವ ಅಭ್ಯಾಸವೇ ಮುಂದೆ ವಿವರಿಸುವ ಎಲ್ಲ ಹೆಜ್ಜೆಗಳ ತಿರುಳು.

ಹಟ ಎಲ್ಲಿಂದ ಆರಂಭವಾಗುತ್ತದೆ

ಬ್ರಿಟನ್ನಿನ ಮನಶ್ಶಾಸ್ತ್ರಜ್ಞೆ ರೋಜ್ ಶಫ್ರಾನ್ ಮತ್ತು ಅವರ ಸಹೋದ್ಯೋಗಿಗಳಾದ ಜಾಫ್ರಾ ಕೂಪರ್, ಕ್ರಿಸ್ಟೋಫರ್ ಫೇರ್‌ಬರ್ನ್ ಅವರು 2002ರಲ್ಲಿ ಈ ಸಮಸ್ಯೆಗೆ ಕೊಟ್ಟ ವಿವರಣೆ ನನಗೆ ಇಂದಿಗೂ ಅತ್ಯಂತ ಉಪಯುಕ್ತವೆನಿಸುತ್ತದೆ. ತಾನೇ ಹಾಕಿಕೊಂಡ ಕಠಿಣ ಮಾನದಂಡವನ್ನು ಮುಟ್ಟಿದೆನೋ ಇಲ್ಲವೋ ಎಂಬುದರ ಮೇಲೆಯೇ ವ್ಯಕ್ತಿ ತನ್ನ ಬೆಲೆಯನ್ನು ಅಳೆದುಕೊಳ್ಳುತ್ತಾನೆ, ಮತ್ತು ಅದರಿಂದ ನಿದ್ದೆ, ಆರೋಗ್ಯ, ಸಂಬಂಧಗಳು ಕೆಡುತ್ತಿದ್ದರೂ ಆ ಅಳತೆಗೋಲನ್ನು ಕೆಳಗಿಡುವುದಿಲ್ಲ ಎಂಬುದು ಅದರ ಸಾರ. ಎತ್ತರದ ಗುರಿ ಇಟ್ಟುಕೊಂಡವರೆಲ್ಲ ಈ ತೊಂದರೆಗೆ ಸಿಲುಕುವುದಿಲ್ಲ. ಗುರಿ ತಪ್ಪಿದ ದಿನ ಕೆಲಸ ಕೆಟ್ಟಿತು ಎಂದುಕೊಂಡು ಮುಂದೆ ಸಾಗುವವರಿದ್ದಾರೆ, ನಾನೇ ಕೆಟ್ಟವನು ಎಂದುಕೊಳ್ಳುವವರೂ ಇದ್ದಾರೆ. ಎರಡನೆಯ ಗುಂಪಿನವರಿಗೆ ಸಹಾಯ ಬೇಕು.

ಕೆನಡಾದ ಮನಶ್ಶಾಸ್ತ್ರಜ್ಞರಾದ ಪಾಲ್ ಹ್ಯೂವಿಟ್ ಮತ್ತು ಗಾರ್ಡನ್ ಫ್ಲೆಟ್ ಅವರು 1991ರಲ್ಲಿ ಈ ಹಟದ ಮೂರು ಮುಖಗಳನ್ನು ಗುರುತಿಸಿದರು. ಮೊದಲನೆಯದು ತನ್ನಿಂದ ತಾನೇ ಕೊರೆಯಿಲ್ಲದ ಕೆಲಸವನ್ನು ನಿರೀಕ್ಷಿಸುವುದು. ಎರಡನೆಯದು ಗಂಡ, ಹೆಂಡತಿ, ಮಕ್ಕಳು, ಕೈಕೆಳಗಿನವರಿಂದ ಅದನ್ನು ನಿರೀಕ್ಷಿಸುವುದು. ಮೂರನೆಯದು ಇತರರೆಲ್ಲ ನನ್ನಿಂದ ಅದನ್ನೇ ನಿರೀಕ್ಷಿಸುತ್ತಿದ್ದಾರೆಂದು ನಂಬಿ ಬದುಕುವುದು. ನಮ್ಮ ಮನೆಗಳಲ್ಲಿ ಮೂರನೆಯದನ್ನು ಎಲ್ಲರೂ ಬಲ್ಲರು, ಏಕೆಂದರೆ ‘ನಾಲ್ಕು ಜನ ಏನಂದಾರು’ ಎಂಬ ಮಾತನ್ನು ಕೇಳದೆ ಬೆಳೆದವರು ವಿರಳ. ಥಾಮಸ್ ಕರನ್ ಮತ್ತು ಆಂಡ್ರ್ಯೂ ಹಿಲ್ ಎಂಬ ಸಂಶೋಧಕರು ಅಮೆರಿಕ, ಕೆನಡಾ, ಬ್ರಿಟನ್‌ಗಳ 40,000ಕ್ಕೂ ಹೆಚ್ಚು ಕಾಲೇಜು ವಿದ್ಯಾರ್ಥಿಗಳಿಂದ 1989ರಿಂದ 2016ರವರೆಗೆ ಸಂಗ್ರಹವಾಗಿದ್ದ ಉತ್ತರಗಳನ್ನು ಒಟ್ಟುಗೂಡಿಸಿ ನೋಡಿದಾಗ ಮೂರೂ ಮುಖಗಳು ಬೆಳೆದಿದ್ದವು. ಅವುಗಳಲ್ಲಿ ಅತಿ ಹೆಚ್ಚು, ಅಂದರೆ ಶೇ. 33ರಷ್ಟು, ಏರಿದ್ದು ಈ ಮೂರನೆಯದೇ.

ಊರು ಬಿಟ್ಟು ಬಂದವರಿಗೆ ಇದು ಇನ್ನಷ್ಟು ಬಿಗಿಯಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಮುಂಬೈ ಹೊರವಲಯದ ಡೊಂಬಿವ್ಲಿಯಲ್ಲಿಯೋ ಮೀರಾ ರೋಡಿನಲ್ಲಿಯೋ ವಾಸಿಸುವ ಕನ್ನಡ ಕುಟುಂಬಕ್ಕೆ ನೋಡುಗರು ಎರಡು ಕಡೆಯಲ್ಲಿರುತ್ತಾರೆ. ಸೊಸೈಟಿಯ ಮರಾಠಿ ನೆರೆಯವರ ಎದುರು ಹೊರಗಿನವರೆನಿಸಿಕೊಳ್ಳಬಾರದು. ಊರಿನ ಬಂಧುಗಳ ಎದುರು ಮುಂಬೈಗೆ ಹೋಗಿ ನಮ್ಮತನ ಮರೆತರೆನಿಸಿಕೊಳ್ಳಬಾರದು. ಎರಡೂ ಕಡೆಯವರನ್ನು ಏಕಕಾಲಕ್ಕೆ ಒಪ್ಪಿಸಲು ಹೊರಟ ಮನಸ್ಸಿಗೆ ಬಿಡುವೆಂಬುದೇ ಇರುವುದಿಲ್ಲ.

ಮೊದಲ ಹೆಜ್ಜೆ: ಒಂದು ವಾರ ಬರೆದಿಡಿ

ಸ್ವಭಾವವನ್ನು ಬದಲಿಸಿಕೊಳ್ಳುತ್ತೇನೆಂದು ಸಂಕಲ್ಪ ಮಾಡುವ ಮೊದಲು ಅದು ಎಲ್ಲೆಲ್ಲಿ ತಲೆ ಎತ್ತುತ್ತದೆಂದು ನೋಡಬೇಕು, ಏಕೆಂದರೆ ಈ ಹಟ ಬದುಕಿನ ಎಲ್ಲ ಕ್ಷೇತ್ರಗಳಲ್ಲೂ ಸಮನಾಗಿ ಇರುವುದು ಅಪರೂಪ. ಕಚೇರಿಯ ಎಕ್ಸೆಲ್ ಹಾಳೆಯಲ್ಲಿ ಒಂದು ದಶಮಾಂಶ ತಪ್ಪಿದರೆ ಬೆವರುವ ವ್ಯಕ್ತಿ ಮನೆಯ ಕಪಾಟು ಅಸ್ತವ್ಯಸ್ತವಾಗಿದ್ದರೂ ತಿರುಗಿ ನೋಡದಿರಬಹುದು. ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಳ್ಳಿರಿ; ಲೋಕಲ್ ಟ್ರೇನಿನಲ್ಲಿ ನಿಂತು ಹೋಗುವವರಿಗೆ ಮೊಬೈಲ್ ಸಾಕು. ಯಾವ ಕೆಲಸ, ಎಷ್ಟು ಹೊತ್ತು ಹಿಡಿದೀತೆಂದು ಅಂದುಕೊಂಡಿದ್ದಿರಿ, ನಿಜಕ್ಕೂ ಎಷ್ಟು ಹಿಡಿಯಿತು, ಮುಗಿಸುವಾಗ ಮನಸ್ಸಿನಲ್ಲಿ ಯಾವ ಅಂಜಿಕೆ ಇತ್ತು ಎಂಬ ನಾಲ್ಕು ಸಂಗತಿಗಳನ್ನು ಆಯಾ ದಿನವೇ ಬರೆಯಿರಿ. ಈ ಟಿಪ್ಪಣಿಯನ್ನೂ ಅಂದವಾಗಿ, ಒಂದು ದಿನವೂ ತಪ್ಪದೆ ಬರೆಯಬೇಕೆಂಬ ಆಸೆ ಬಂದೀತು. ಗೀಚಿ ಬರೆದರೂ, ಎರಡು ದಿನ ಬಿಟ್ಟುಹೋದರೂ ಕೆಲಸಕ್ಕೆ ಬರುತ್ತದೆ.

ಬರೆಯುವಾಗ ಮಾಡಿದ ಕೆಲಸಗಳ ಜೊತೆಗೆ ಮಾಡದೆ ಬಿಟ್ಟವುಗಳನ್ನೂ ಸೇರಿಸಿಕೊಳ್ಳಿರಿ. ಅತಿಯಾಗಿ ತಿದ್ದುವುದು ಈ ಹಟದ ಎದ್ದು ಕಾಣುವ ರೂಪ. ಕೆಲಸಕ್ಕೆ ಕೈ ಹಚ್ಚದೆಯೇ ಇರುವುದು ಅದರ ಮರೆಯ ರೂಪ. ಸರಿಯಾದ ಸಮಯ ಸಿಕ್ಕಾಗ ಚೆನ್ನಾಗಿ ಮಾಡೋಣವೆಂದು ತಿಂಗಳುಗಟ್ಟಲೆ ಮುಂದೂಡಿದ ಪಾಸ್‌ಪೋರ್ಟ್ ನವೀಕರಣ, ಉತ್ತರ ಬರೆಯದೆ ಉಳಿದ ಸಂಬಂಧಿಕರ ಸಂದೇಶ, ಮನೆ ಓರಣವಾಗಿಲ್ಲವೆಂದು ವರ್ಷದಿಂದ ಕರೆಯದ ಗೆಳತಿ, ಇವೆಲ್ಲವೂ ಪಟ್ಟಿಯಲ್ಲಿ ಬರಬೇಕು. ಮನೆಯವರು ಇದನ್ನು ಆಲಸ್ಯವೆಂದು ಬೈಯುತ್ತಾರೆ, ಬೈಸಿಕೊಂಡವರೂ ಅದನ್ನೇ ನಂಬುತ್ತಾರೆ. ಆದರೆ ಸೋಮಾರಿಗೆ ಮುಂದೂಡಿದ ಕೆಲಸ ನೆನಪಿಗೇ ಬರುವುದಿಲ್ಲ. ಇವರಿಗೆ ಅದು ಊಟದ ಹೊತ್ತಿನಲ್ಲೂ ಚುಚ್ಚುತ್ತಿರುತ್ತದೆ.

ಎರಡನೆಯ ಹೆಜ್ಜೆ: ತೆತ್ತ ಬೆಲೆಯನ್ನು ಲೆಕ್ಕಹಾಕಿ

ವಾರದ ಕೊನೆಗೆ ಹೆಚ್ಚುವರಿಯಾಗಿ ಹೋದ ಗಂಟೆಗಳನ್ನು ಕೂಡಿಸಿರಿ. ಡೊಂಬಿವ್ಲಿಯಿಂದ ಮುಂಬೈಯ ಸಿಎಸ್‌ಎಂಟಿ ರೈಲು ನಿಲ್ದಾಣಕ್ಕೆ ದಿನವೂ ಹೋಗಿ ಬರುವವರ ಎಚ್ಚರದ ಹೊತ್ತಿನಲ್ಲಿ ಪ್ರಯಾಣಕ್ಕೇ ಎರಡು ಮೂರು ಗಂಟೆ ಸಂದಾಯವಾಗುತ್ತದೆ. ಉಳಿದುದರಲ್ಲಿ ಒಂದು ಗಂಟೆಯನ್ನು ಯಾರೂ ಗಮನಿಸದ ಒಪ್ಪಕ್ಕಾಗಿ ಕೊಟ್ಟರೆ ಅದು ಯಾರ ಪಾಲಿನಿಂದ ಕಡಿತವಾಯಿತೆಂದು ಪಕ್ಕದಲ್ಲಿ ಬರೆಯಿರಿ: ನಿದ್ದೆಯದೋ, ಮಗುವಿನ ಜೊತೆಗಿನ ಮಾತಿನದೋ, ಊರಲ್ಲಿರುವ ತಾಯಿಗೆ ಮಾಡಬೇಕಿದ್ದ ಫೋನಿನದೋ. ಹಟದಿಂದ ಬಂದ ಲಾಭವಿದ್ದರೆ ಅದನ್ನೂ ಬರೆಯಿರಿ. ಲಾಭವೇ ಇಲ್ಲವೆಂದು ಮನಸ್ಸಿಗೆ ಸುಳ್ಳು ಹೇಳಿದರೆ ಅದು ಒಪ್ಪುವುದಿಲ್ಲ.

ಮೂರನೆಯ ಹೆಜ್ಜೆ: ಅಡಗಿರುವ ನಿಯಮವನ್ನು ಹೊರಗೆಳೆಯಿರಿ

ಇದಕ್ಕೆ ಸ್ವಲ್ಪ ನಿಧಾನ ಬೇಕು, ಆದುದರಿಂದ ಒಂದು ಸಂದರ್ಭವನ್ನು ಹತ್ತಿರದಿಂದ ನೋಡೋಣ. ಶ್ರಾವಣದ ಶುಕ್ರವಾರ, ಡೊಂಬಿವ್ಲಿಯ ಎರಡು ಕೋಣೆಯ ಒಂದು ಮನೆಯಲ್ಲಿ ಸಂಜೆ ಅರಿಶಿನ ಕುಂಕುಮಕ್ಕೆ ಹತ್ತು ಹನ್ನೆರಡು ಹೆಂಗಸರು ಬರುವವರಿದ್ದಾರೆಂದು ಇಟ್ಟುಕೊಳ್ಳಿ. ಗೃಹಿಣಿ ಮಧ್ಯಾಹ್ನದಿಂದ ಹೋಳಿಗೆ ಬೇಯಿಸುತ್ತಿದ್ದಾರೆ. ಕಣಕ ಒಂದಿಷ್ಟು ಬಿಗಿಯಾಗಿದೆ. ಲಟ್ಟಿಸುವಾಗ ಅಂಚು ಬಿರಿದು ಹೂರಣ ಹೊರಬಂದು ಕಾವಲಿಯ ಮೇಲೆ ಕಪ್ಪಾಗಿ ಹೊತ್ತುತ್ತದೆ. ಹೊತ್ತಿದ್ದನ್ನು ಸಟ್ಟುಗದಿಂದ ಕೆರೆದು, ಆ ಹೋಳಿಗೆಯನ್ನು ಬೇರೆ ತಟ್ಟೆಗೆ ಹಾಕುತ್ತಾರೆ. ಬೇರೆ ತಟ್ಟೆಯಲ್ಲಿ ಆಗಲೇ ಏಳು ಹೋಳಿಗೆಗಳು ಬಿದ್ದಿವೆ, ಅತಿಥಿಗಳ ತಟ್ಟೆಯಲ್ಲಿ ಐದೇ ಇವೆ. ಗಂಟೆ ನಾಲ್ಕೂವರೆ. ಮೈದಾ ಮತ್ತೆ ಕಲಸಲು ಶುರು ಮಾಡುತ್ತಾರೆ, ಕಣ್ಣಲ್ಲಿ ನೀರು ತುಂಬಿದೆ.

ಈಗ ತಮ್ಮನ್ನು ತಾವು ಒಂದೊಂದೇ ಪ್ರಶ್ನೆ ಕೇಳಿಕೊಳ್ಳಬೇಕು. ಅಂಚು ಬಿರಿದ ಹೋಳಿಗೆಯನ್ನು ಬಡಿಸಿದರೆ ಏನಾಗುತ್ತದೆ? ಬಂದವರು ನೋಡುತ್ತಾರೆ. ನೋಡಿದರೆ? ಕೆಳಗಿನ ಮಹಡಿಯ ಮರಾಠಿ ಕಾಕು (ಚಿಕ್ಕಮ್ಮ) ಮಾಡುವ ಪೂರಣಪೋಳಿ ಎಷ್ಟು ತೆಳುವಾಗಿ, ದುಂಡಗಿರುತ್ತದೆ, ಅವರು ಹೋಲಿಸುತ್ತಾರೆ. ಹೋಲಿಸಿದರೆ? ಇವಳಿಗೆ ಅಡುಗೆ ಬರುವುದಿಲ್ಲವೆಂದುಕೊಳ್ಳುತ್ತಾರೆ. ಅಂದುಕೊಂಡರೆ? ಮನೆ ನಡೆಸಲು ಬಾರದವಳು, ಅತ್ತೆ ಹೇಳುತ್ತಿದ್ದುದೇ ನಿಜವೆಂದಾಗುತ್ತದೆ. ಪ್ರಶ್ನೆ ಹೋಳಿಗೆಯ ಅಂಚಿನಿಂದ ಹೊರಟು ನಾಲ್ಕೇ ಮೆಟ್ಟಿಲಲ್ಲಿ ತಾನು ಯೋಗ್ಯಳೇ ಎಂಬಲ್ಲಿಗೆ ಬಂದು ನಿಂತಿತು. ಅಮೆರಿಕದ ಮನೋವೈದ್ಯ ಆರನ್ ಬೆಕ್ ಅವರು 1960ರ ದಶಕದಲ್ಲಿ ರೂಪಿಸಿದ, ಯೋಚನೆಯ ರೀತಿಯನ್ನು ಪರಿಶೀಲಿಸಿ ಬದಲಿಸುವ ಅರಿವಿನ ಚಿಕಿತ್ಸೆಯ ದಾರಿಯಲ್ಲಿ ಇಂಥ ಮೆಟ್ಟಿಲಿಳಿಯುವ ಪ್ರಶ್ನೆಗಳನ್ನು ಇಂದಿಗೂ ಬಳಸುತ್ತಾರೆ. ಕೊನೆಯ ಮೆಟ್ಟಿಲಲ್ಲಿ ಸಿಕ್ಕಿದ್ದನ್ನು ‘ಹೀಗಾಗದಿದ್ದರೆ ಹಾಗೆ’ ಎಂಬ ಪೂರ್ಣ ವಾಕ್ಯವಾಗಿ ಬರೆಯಿರಿ: ಬಡಿಸಿದ್ದರಲ್ಲಿ ಒಂದು ಕುಂದು ಕಂಡರೆ ನಾನು ಮನೆ ನಡೆಸಲು ಯೋಗ್ಯಳಲ್ಲ. ಮನಸ್ಸಿನೊಳಗೆ ಹೊಗೆಯಾಡುತ್ತಿದ್ದ ಮಾತು ಹಾಳೆಯ ಮೇಲೆ ಬಂದ ಮೇಲೆ ಅದನ್ನು ಪರೀಕ್ಷೆಗೆ ಒಡ್ಡಬಹುದು. ಬರೆಯದೆ ಇದ್ದರೆ ಅದು ನಿಯಮವೆಂದೇ ತಿಳಿಯುವುದಿಲ್ಲ, ಸತ್ಯವೆನಿಸಿಬಿಡುತ್ತದೆ.

ನಾಲ್ಕನೆಯ ಹೆಜ್ಜೆ: ಕೆಲಸಗಳನ್ನು ವಿಂಗಡಿಸಿ

ಕೆಲವು ಕೆಲಸಗಳಲ್ಲಿ ತಪ್ಪಿಗೆ ಎಡೆಯಿರಬಾರದು. ವಯಸ್ಸಾದ ತಂದೆಯ ರಕ್ತದೊತ್ತಡದ ಮಾತ್ರೆಯ ಪ್ರಮಾಣ, ಹಣ ಕಳಿಸುವಾಗಿನ ಖಾತೆ ಸಂಖ್ಯೆ, ಮಲಗುವ ಮೊದಲು ಗ್ಯಾಸಿನ ನಾಬು, ಮಗುವಿನ ಅಲರ್ಜಿಯ ವಿಷಯ, ಇವುಗಳನ್ನು ನಿಧಾನವಾಗಿ ಒಂದು ಸಲ ನೋಡಿ, ಬೇಕಾದರೆ ಇನ್ನೊಬ್ಬರಿಂದಲೂ ನೋಡಿಸಿರಿ. ಮತ್ತೆ ಕೆಲವನ್ನು ಚೆನ್ನಾಗಿ ಮಾಡಬೇಕು, ಆದರೆ ಸಣ್ಣ ಕುಂದು ಉಳಿದರೆ ಹಾನಿಯಿಲ್ಲ: ಕಚೇರಿಯ ವರದಿ, ಹಬ್ಬದ ಅಡುಗೆ, ಸಂಘದ ಕಾರ್ಯಕ್ರಮದ ನಿರೂಪಣೆ. ಉಳಿದವೆಲ್ಲ ಆಗಿಹೋದರೆ ಸಾಕೆನ್ನುವ ಕೆಲಸಗಳು. ಬಟ್ಟೆ ಮಡಚುವುದು, ಡಬ್ಬಾ ತುಂಬುವುದು, ವಾಟ್ಸ್‌ಆ್ಯಪ್ ಉತ್ತರ, ಭಾಜಿ ಕೊಳ್ಳುವುದು ಇವೆಲ್ಲ ಇಲ್ಲಿಗೇ ಸೇರುತ್ತವೆ. ನಿಮ್ಮ ವಾರದ ಪಟ್ಟಿಯನ್ನು ಈ ಮೂರು ಗುಂಪುಗಳಾಗಿ ಹಂಚಿದರೆ ಮೂರನೆಯ ಗುಂಪಿನದೇ ಅತಿ ಉದ್ದದ ಸಾಲಾಗುವ ಸಾಧ್ಯತೆ ಹೆಚ್ಚು. ಎಲ್ಲವನ್ನೂ ಮೊದಲ ಗುಂಪಿಗೇ ಹಾಕಬೇಕೆನಿಸಿದರೆ, ಈ ಕೆಲಸದಲ್ಲಿ ಕೊರೆ ಉಳಿದರೆ ಯಾರ ದೇಹಕ್ಕೆ, ಯಾರ ಹಣಕ್ಕೆ, ಯಾರ ಹಕ್ಕಿಗೆ ಪೆಟ್ಟಾಗುತ್ತದೆ ಎಂದು ಕೇಳಿಕೊಳ್ಳಿರಿ. ಹೆಸರು ಹೇಳಲು ಆಗದಿದ್ದರೆ ಆ ಕೆಲಸ ಮೊದಲ ಗುಂಪಿನದಲ್ಲ.

ಐದನೆಯ ಹೆಜ್ಜೆ: ಮುಕ್ತಾಯವನ್ನು ಆರಂಭದಲ್ಲಿಯೇ ಬರೆಯಿರಿ

ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು 1978ರಲ್ಲಿ ಪಡೆದ ಹರ್ಬರ್ಟ್ ಸೈಮನ್ ಅವರು, ಮನುಷ್ಯನಿಗಿರುವ ಸಮಯ ಮತ್ತು ತಿಳಿವಳಿಕೆಗಳು ಮಿತವಾದುದರಿಂದ ಅತ್ಯುತ್ತಮವಾದುದನ್ನು ಹುಡುಕುತ್ತಲೇ ಇರುವುದು ವಾಸ್ತವದಲ್ಲಿ ಸಾಧ್ಯವಿಲ್ಲವೆಂದೂ, ತನ್ನ ಅಗತ್ಯವನ್ನು ಪೂರೈಸುವ ಮಟ್ಟವನ್ನು ಮೊದಲು ಗೊತ್ತುಮಾಡಿಕೊಂಡು ಅದನ್ನು ಮುಟ್ಟಿದ ಆಯ್ಕೆ ಸಿಕ್ಕೊಡನೆ ನಿಲ್ಲಿಸುವುದೇ ಜನ ನಿಜವಾಗಿ ನಿರ್ಧರಿಸುವ ರೀತಿಯೆಂದೂ 1950ರ ದಶಕದಲ್ಲಿಯೇ ವಾದಿಸಿದ್ದರು. ಪರಿಪೂರ್ಣತೆಯ ಹಟವಿರುವವರಲ್ಲಿ ಕೆಟ್ಟುಹೋಗಿರುವುದು ಈ ‘ಮೊದಲು ಗೊತ್ತುಮಾಡಿಕೊಳ್ಳುವ’ ಭಾಗ. ಅವರು ಕೆಲಸದ ನಡುವೆ ನಿಂತು ಸಾಕೇ ಎಂದು ಮನಸ್ಸನ್ನು ಕೇಳುತ್ತಾರೆ. ಅಂಜಿದ ಮನಸ್ಸು ಸಾಕೆಂದು ಎಂದಿಗೂ ಹೇಳುವುದಿಲ್ಲ. ಆದುದರಿಂದ ಮನಸ್ಸು ಶಾಂತವಾಗಿರುವಾಗಲೇ, ಕೆಲಸಕ್ಕೆ ಕೂರುವ ಮುನ್ನವೇ, ಕಣ್ಣಿಗೆ ಕಾಣುವ ಗುರುತುಗಳಲ್ಲಿ ಮುಕ್ತಾಯವನ್ನು ಬರೆದಿಡಬೇಕು.

ಸಂಘದ ರಾಜ್ಯೋತ್ಸವದ ಆಮಂತ್ರಣ ಪತ್ರಿಕೆಯನ್ನೇ ತೆಗೆದುಕೊಳ್ಳಿ. ಇಂಥ ಕೆಲಸ ವಹಿಸಿಕೊಂಡ ಉತ್ಸಾಹಿ ಕಾರ್ಯದರ್ಶಿ ಕರಡನ್ನು ಹತ್ತು ಬಾರಿ ತಿದ್ದಿ, ಬಣ್ಣ ಬದಲಿಸಿ, ಕೊನೆಗೆ ಪತ್ರಿಕೆ ಸದಸ್ಯರ ಕೈ ಸೇರುವ ಹೊತ್ತಿಗೆ ಕಾರ್ಯಕ್ರಮಕ್ಕೆ ಎರಡೇ ದಿನ ಉಳಿದಿರುತ್ತದೆ. ಅದರ ಬದಲು ಹೀಗೆ ಬರೆದುಕೊಳ್ಳಬಹುದು: ದಿನಾಂಕ, ವೇಳೆ, ಸ್ಥಳ, ಅತಿಥಿಗಳ ಹೆಸರು ಈ ನಾಲ್ಕನ್ನು ಇಬ್ಬರು ಬೇರೆ ಬೇರೆಯಾಗಿ ಗಟ್ಟಿಯಾಗಿ ಓದಬೇಕು, ಉಳಿದ ಪಠ್ಯವನ್ನು ಒಬ್ಬರು ಎರಡು ಸಲ ಓದಬೇಕು, ಬುಧವಾರ ಸಂಜೆ ಆರಕ್ಕೆ ಮುದ್ರಣಾಲಯಕ್ಕೆ ಹೋಗಬೇಕು. ಆರು ಗಂಟೆಯ ನಂತರ ಹೊಳೆದ ಸೊಗಸಾದ ವಾಕ್ಯ ಮುಂದಿನ ವರ್ಷಕ್ಕೆ ಇರಲಿ. ಆಮಂತ್ರಣದಲ್ಲಿ ಅತಿಥಿಯ ಹೆಸರು ತಪ್ಪಿದರೆ ಒಬ್ಬರಿಗೆ ನೋವಾಗುತ್ತದೆ, ಆದುದರಿಂದ ಅಲ್ಲಿ ಎರಡು ಜೊತೆ ಕಣ್ಣು ಬೇಕು; ಹಿನ್ನೆಲೆಯ ಹಳದಿ ತುಸು ಗಾಢವಾದರೆ ಯಾರಿಗೂ ಏನೂ ಆಗುವುದಿಲ್ಲ. ಅದೇ ರೀತಿ ಇ-ಮೇಲಿಗೆ: ಸರಿಯಾದ ವಿಳಾಸ, ಕೇಳಬೇಕಾದ ಪ್ರಶ್ನೆ, ಲಗತ್ತು, ಒಮ್ಮೆ ಓದಿ ಕಳಿಸುವುದು. ಮನೆಯ ಶುಚಿಗೆ ಗುರುತಿಗಿಂತ ಗಡಿಯಾರ ಮೇಲು. ನಲವತ್ತು ನಿಮಿಷದ ಅಲಾರಾಂ ಇಟ್ಟು, ಅದು ಬಡಿದಾಗ ಕೈಯಲ್ಲಿರುವ ಬಟ್ಟೆಯನ್ನು ಒಣಗಲು ಹಾಕಿಬಿಡಿ.

ಆರನೆಯ ಹೆಜ್ಜೆ: ಬೇಕೆಂದೇ ಕೊರೆ ಉಳಿಸಿ ನೋಡಿ

ಇಲ್ಲಿಯವರೆಗಿನದೆಲ್ಲ ಸಿದ್ಧತೆ. ನಿಜವಾದ ಬದಲಾವಣೆ ಬರುವುದು ಈ ಹೆಜ್ಜೆಯಲ್ಲಿ, ಇದನ್ನು ಬಿಟ್ಟು ಉಳಿದವನ್ನು ಓದಿದರೆ ಸಿಗುವುದು ತಿಳಿವಳಿಕೆ ಮಾತ್ರ. ಮೂರನೆಯ ಹೆಜ್ಜೆಯಲ್ಲಿ ಬರೆದ ನಿಯಮ ನಿಜವೋ ಸುಳ್ಳೋ ಎಂದು ತರ್ಕದಿಂದ ಎಷ್ಟು ವಾದಿಸಿದರೂ ಎದೆಯ ಡವಡವ ನಿಲ್ಲುವುದಿಲ್ಲ. ನಿಯಮವನ್ನು ಮುರಿದು, ಆಮೇಲೆ ಏನಾಯಿತೆಂದು ಕಣ್ಣಾರೆ ನೋಡಬೇಕು.

ಮೊದಲು ಅಂಜಿಕೆಯ ಮಟ್ಟಕ್ಕೆ ಅನುಗುಣವಾಗಿ ಚಿಕ್ಕದರಿಂದ ದೊಡ್ಡದಕ್ಕೆ ಏಳೆಂಟು ಪ್ರಯೋಗಗಳ ಪಟ್ಟಿ ಮಾಡಿಕೊಳ್ಳಿರಿ. ಹಾಸಿಗೆಯ ಹೊದಿಕೆಯನ್ನು ಸುಕ್ಕು ತೆಗೆಯದೆ ಬಿಟ್ಟು ಕೆಲಸಕ್ಕೆ ಹೋಗುವುದು ಕೆಳಗಿನ ಮೆಟ್ಟಿಲಾದೀತು. ಗೆಳೆಯರ ಗುಂಪಿಗೆ ಒಂದು ಅಕ್ಷರ ತಪ್ಪಿದ ಸಂದೇಶವನ್ನು ಕಳಿಸಿ ತಿದ್ದುಪಡಿ ಹಾಕದಿರುವುದು, ಸಭೆಯಲ್ಲಿ ಗೊತ್ತಿಲ್ಲದ ವಿಷಯ ಬಂದಾಗ ‘ನನಗೆ ತಿಳಿಯದು, ವಿಚಾರಿಸಿ ಹೇಳುತ್ತೇನೆ’ ಎನ್ನುವುದು, ಮನೆ ಒಪ್ಪವಾಗಿಲ್ಲದ ದಿನವೇ ಪಕ್ಕದ ಮನೆಯವರನ್ನು ಚಹಾಕ್ಕೆ ಕರೆಯುವುದು ನಡುವಿನವು. ನಿಮ್ಮ ಮೇಲಿನ ಮೆಟ್ಟಿಲು ಯಾವುದೆಂದು ನಿಮಗೇ ಗೊತ್ತು, ಓದುವಾಗಲೇ ಅದು ಹೊಳೆದು ಹೊಟ್ಟೆ ತೊಳಸಿರಬಹುದು.

ಪ್ರತಿ ಪ್ರಯೋಗಕ್ಕೂ ಮುನ್ನ, ಏನಾಗುತ್ತದೆಂದು ಅಂಜುತ್ತೀರೋ ಅದನ್ನು ಖಚಿತವಾಗಿ ಬರೆಯಿರಿ. ‘ಕೆಟ್ಟದಾಗುತ್ತದೆ’ ಎಂದರೆ ಸಾಲದು. ‘ಹನ್ನೆರಡು ಜನರಲ್ಲಿ ಮೂವರಾದರೂ ಹೋಳಿಗೆಯ ಅಂಚಿನ ಬಗ್ಗೆ ಮಾತನಾಡುತ್ತಾರೆ, ಒಬ್ಬರು ತಟ್ಟೆಯಲ್ಲಿ ಬಿಡುತ್ತಾರೆ’ ಎಂಬಂತಿರಲಿ, ಆಗ ಸಂಜೆ ಎಣಿಸಲು ಬರುತ್ತದೆ. ಅದು ನಡೆಯುವುದೆಂಬ ನಂಬಿಕೆ ನೂರಕ್ಕೆ ಎಷ್ಟೆಂದೂ ಪಕ್ಕದಲ್ಲಿ ಹಾಕಿರಿ. ಅನಂತರ ಮಾಡಿರಿ. ಮಾಡುವಾಗ ಎರಡು ಎಚ್ಚರಗಳು ಅಗತ್ಯ. ಬಡಿಸುತ್ತಲೇ ‘ಇವತ್ತು ಹೋಳಿಗೆ ಸರಿ ಬರಲಿಲ್ಲ, ಬೇಸರ ಮಾಡ್ಕೋಬೇಡಿ’ ಎಂದು ಕ್ಷಮೆ ಕೇಳಬಾರದು. ಹಾಗೆ ಕೇಳಿದರೆ ಬಂದವರು ಅಯ್ಯೋ ಚೆನ್ನಾಗಿದೆಯಲ್ಲ ಎಂದು ಸಮಾಧಾನ ಹೇಳುತ್ತಾರೆ, ಆ ಸಮಾಧಾನದಿಂದ ನಿಯಮ ಇನ್ನಷ್ಟು ಗಟ್ಟಿಯಾಗುತ್ತದೆ. ಎರಡನೆಯದಾಗಿ, ಮುಗಿದ ಮೇಲೆ ಗಂಡನನ್ನೋ ಅಕ್ಕನನ್ನೋ ಹಿಡಿದು ‘ಯಾರಾದರೂ ಏನಾದರೂ ಅಂದರಾ’ ಎಂದು ಮತ್ತೆ ಮತ್ತೆ ಕೇಳಬಾರದು. ಮೊದಲ ಅರ್ಧ ಗಂಟೆ ಕಸಿವಿಸಿ ಏರಬಹುದು. ತಿದ್ದದೆ, ಕೇಳದೆ, ಓಡದೆ ಇದ್ದರೆ ಅದು ತಾನಾಗಿ ಇಳಿಯುವುದನ್ನು ಅನುಭವಿಸುವಿರಿ, ಮತ್ತು ಅದೇ ಪ್ರಯೋಗವನ್ನು ಮರಳಿ ಮಾಡಿದಾಗ ಸಾಮಾನ್ಯವಾಗಿ ಅಷ್ಟು ಎತ್ತರಕ್ಕೆ ಏರುವುದಿಲ್ಲ.

ಸಂಜೆ ನಡೆದದ್ದನ್ನು ಬರೆಯಿರಿ. ಬಹಳಷ್ಟು ಸಲ ಯಾರೂ ಗಮನಿಸಿರುವುದಿಲ್ಲ. ಕೆಲವೊಮ್ಮೆ ಯಾರೋ ಗಮನಿಸುತ್ತಾರೆ, ಮೂಗೂ ಮುರಿಯುತ್ತಾರೆ, ಮತ್ತು ಆ ದಿನದ ಟಿಪ್ಪಣಿಗೆ ಬೆಲೆ ಹೆಚ್ಚು. ಕೆಳಗಿನ ಮಹಡಿಯ ಕಾಕು ‘ಕಣಿಕ್ ಜರಾ ಘಟ್ಟ ಝಾಲಿ’ (ಕಣಕ ತುಸು ಗಟ್ಟಿಯಾಯಿತು) ಎಂದರು, ಕಣಕಕ್ಕೆ ಇನ್ನಷ್ಟು ಎಣ್ಣೆ ಹಾಕಿ ನೆನೆಯಲು ಬಿಡಬೇಕೆಂದು ಹೇಳಿಕೊಟ್ಟರು, ಎರಡು ಹೋಳಿಗೆ ತಿಂದು ಹೋದರು ಎಂದು ಬರೆದುಕೊಂಡವರಿಗೆ ಆ ಒಂದು ಸಾಲಿನಲ್ಲಿ ಸಿಗುವುದು ಯಾವ ಉಪದೇಶದಲ್ಲೂ ಸಿಗದು: ಜನ ಕುಂದನ್ನು ಕಂಡರು, ಆದರೂ ಸಂಬಂಧ ಉಳಿಯಿತು.

ಒಂದು ವಾರಕ್ಕೆ ಎರಡು ಪ್ರಯೋಗಗಳಿಗಿಂತ ಹೆಚ್ಚು ಬೇಡ. ಅವಸರದಿಂದ ಮೇಲಿನ ಮೆಟ್ಟಿಲಿಗೆ ಜಿಗಿದು ಬೆದರಿ ಹಿಂದೆ ಸರಿದವರು ಮರಳಿ ಯತ್ನಿಸಲು ಹಿಂಜರಿಯುತ್ತಾರೆ.

ಏಳನೆಯ ಹೆಜ್ಜೆ: ಮಾತಿನಲ್ಲಿ ಸಡಿಲಿಕೆ

ಹೊರನಾಡ ಕನ್ನಡಿಗರ ಪಾಲಿಗೆ ಇದನ್ನು ಪ್ರತ್ಯೇಕವಾಗಿಯೇ ಹೇಳಬೇಕು, ಏಕೆಂದರೆ ಇಲ್ಲಿ ಒಬ್ಬರೇ ಒಂದು ದಿನದಲ್ಲಿ ನಾಲ್ಕು ಭಾಷೆಗಳಲ್ಲಿ ಪರೀಕ್ಷೆ ಬರೆದಂತೆ ಬದುಕುತ್ತಾರೆ. ಮನೆಯಲ್ಲಿ ತುಳುವೋ ಕೊಂಕಣಿಯೋ ಕನ್ನಡವೋ, ಬಾಗಿಲಾಚೆ ಮರಾಠಿ, ಟ್ರೇನಿನಲ್ಲಿ ಹಿಂದಿ, ಕಚೇರಿಯಲ್ಲಿ ಇಂಗ್ಲಿಷ್. ನಾಲ್ಕರಲ್ಲೂ ಉಚ್ಚಾರ ತಪ್ಪಬಾರದೆಂಬ ಹಟ ಹಿಡಿದವರು ಕೊನೆಗೆ ನಾಲ್ಕರಲ್ಲೂ ಮೌನಿಗಳಾಗುತ್ತಾರೆ. ಸೊಸೈಟಿಯ ಸಭೆಯಲ್ಲಿ ನೀರಿನ ಸಮಸ್ಯೆ ಹೇಳಬೇಕೆಂದುಕೊಂಡು, ಮರಾಠಿಯ ‘ಳ’ ಮತ್ತು ‘ಲ’ ಎಡವೀತೆಂದು ಸುಮ್ಮನೆ ಕುಳಿತು ಬರುವವರನ್ನು ನಾನು ಕಂಡಿದ್ದೇನೆ.

ಮುಂಬೈಯ ಹಿಂದಿನ ತಲೆಮಾರಿನ ಕನ್ನಡಿಗರ ದಾರಿ ಬೇರೆಯಾಗಿತ್ತು. ಕರಾವಳಿಯಿಂದ ಹುಡುಗರಾಗಿ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಮುಂಬೈಯ ಕನ್ನಡ ರಾತ್ರಿ ಶಾಲೆಗಳಲ್ಲಿ ಕಲಿತವರು ತಮ್ಮದೇ ಧಾಟಿಯ ಹಿಂದಿ, ಮರಾಠಿಗಳಲ್ಲಿ ವ್ಯಾಪಾರ ನಡೆಸಿದರು, ಸಂಘಗಳನ್ನು ಕಟ್ಟಿದರು. ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರಷ್ಟು ಹಳೆಯದು. ಇಂಥ ಸಂಘಗಳ ಸಭೆಗಳಲ್ಲಿ ಧಾರವಾಡದ ಕನ್ನಡ, ಕುಂದಾಪುರದ ಕನ್ನಡ, ಮೈಸೂರಿನ ಕನ್ನಡ, ತುಳು ಬೆರೆತ ಕನ್ನಡ ಎಲ್ಲವೂ ಒಟ್ಟಿಗೆ ಕೇಳಿಬರುತ್ತವೆ, ಕೆಲಸವೂ ಸಾಗುತ್ತದೆ. ಅಭ್ಯಾಸಕ್ಕಾಗಿ ದಿನಕ್ಕೊಂದು ವ್ಯವಹಾರವನ್ನು ನಿಮಗೆ ಅತಿ ಕಡಿಮೆ ಬರುವ ಭಾಷೆಯಲ್ಲಿ ಮಾಡಿರಿ. ಭಾಜಿಯವನೊಡನೆ ಮರಾಠಿಯಲ್ಲಿಯೇ ಶುರುಮಾಡಿ ಮರಾಠಿಯಲ್ಲಿಯೇ ಮುಗಿಸಿರಿ. ಪದ ಸಿಗದಿದ್ದರೆ ಬೆರಳು ತೋರಿಸಿರಿ, ಹಿಂದಿಗೆ ಹೊರಳಬೇಡಿ.

ಎಂಟನೆಯ ಹೆಜ್ಜೆ: ಮನೆಯವರ ಮೇಲಿನ ಹಿಡಿತ

ತನ್ನ ಮೇಲೆ ಹಟ ಸಾಧಿಸುವವರು ಹಲವೊಮ್ಮೆ ತಿಳಿಯದೆಯೇ ಇತರರ ಮೇಲೂ ಸಾಧಿಸುತ್ತಾರೆ. ಗಂಡ ಮಡಚಿದ ಬಟ್ಟೆಯನ್ನು ಅವನೆದುರೇ ಬಿಡಿಸಿ ಮತ್ತೆ ಮಡಚಿದರೆ ಮುಂದಿನ ವಾರ ಅವನು ಬಟ್ಟೆ ಮುಟ್ಟುವುದಿಲ್ಲ, ಆಮೇಲೆ ಎಲ್ಲ ನಾನೇ ಮಾಡಬೇಕೆಂಬ ದೂರು ಹುಟ್ಟುತ್ತದೆ. ಮೊಸರಿನಲ್ಲಿ ಕಲ್ಲು ಹುಡುಕುವ ಈ ರೂಢಿಯ ಪೆಟ್ಟು ಹೆಚ್ಚು ಬೀಳುವುದು ಮಕ್ಕಳ ಮೇಲೆ.

ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಏಳು ವರ್ಷದ ಹುಡುಗ ಫೋನಿನಲ್ಲಿ ಧಾರವಾಡದ ಅಜ್ಜಿಗೆ ‘ಅಜ್ಜೀ, ಅಪ್ಪ ಆಫೀಸಿಂದ ಬಂದಿತು’ ಎನ್ನುತ್ತಾನೆ. ಪಕ್ಕದಲ್ಲಿದ್ದ ಅಪ್ಪ ಥಟ್ಟನೆ ‘ಬಂದಿತು ಅಲ್ಲೋ, ಬಂದರು ಅನ್ನು’ ಎಂದು ತಿದ್ದುತ್ತಾನೆ. ಹುಡುಗ ಮತ್ತೆ ಆರಂಭಿಸಿ, ಇನ್ನೊಂದು ಕಡೆ ಎಡವಿ, ಮತ್ತೆ ತಿದ್ದಿಸಿಕೊಂಡು, ‘ಅಮ್ಮಾ, ನೀನೇ ಮಾತಾಡು’ ಎಂದು ಫೋನನ್ನು ಕೊಟ್ಟು ಹೋಗುತ್ತಾನೆ. ಅಜ್ಜಿಗೆ ವ್ಯಾಕರಣ ಬೇಕಿರಲಿಲ್ಲ, ಮೊಮ್ಮಗನ ದನಿ ಬೇಕಿತ್ತು. ಇಲ್ಲಿ ಮಾಡಬೇಕಾದುದು ಸುಲಭ: ಮಾತಿನ ನಡುವೆ ತಿದ್ದಬೇಡಿ, ಮುಗಿದ ಮೇಲೆ, ‘ಹೌದು, ಅಪ್ಪ ಈಗಷ್ಟೇ ಬಂದರು’ ಎಂದು ಸರಿಯಾದ ರೂಪವನ್ನು ನಿಮ್ಮ ಮಾತಿನಲ್ಲಿ ಸೇರಿಸಿ ಮುಂದುವರಿಸಿರಿ. ಬ್ರಿಟಿಷ್ ಮಕ್ಕಳ ವೈದ್ಯ ಹಾಗೂ ಮನೋವಿಶ್ಲೇಷಕ ಡೊನಾಲ್ಡ್ ವಿನಿಕಾಟ್ ಕಳೆದ ಶತಮಾನದ ನಡುಭಾಗದಲ್ಲಿಯೇ, ಮಗುವಿಗೆ ಬೇಕಾದುದು ಪರಿಪೂರ್ಣ ತಾಯಿಯಲ್ಲ, ಸಾಕೆನ್ನುವಷ್ಟು ಒಳ್ಳೆಯ ತಾಯಿಯೆಂದೂ, ಆಕೆ ಮಗುವಿನ ಬೇಡಿಕೆಗೆ ಅಲ್ಲಲ್ಲಿ ಪೂರ್ತಿ ಒದಗದೆ ಹೋಗುವುದೂ ಅದರ ಬೆಳವಣಿಗೆಗೆ ಬೇಕೆಂದೂ ವಿವರಿಸಿದ್ದರು. ಮಕ್ಕಳೆದುರು ನಿಮ್ಮ ಸಣ್ಣ ತಪ್ಪನ್ನು ನೀವೇ ಸಹಜವಾಗಿ ಹೇಳಿ ತಿದ್ದಿಕೊಳ್ಳುವುದು ಮಾತಿನ ಬೋಧನೆಗಿಂತ ಚೆನ್ನಾಗಿ ನಾಟುತ್ತದೆ.

ಒಂಬತ್ತನೆಯ ಹೆಜ್ಜೆ: ನಿಜವಾಗಿಯೂ ತಪ್ಪಾದ ದಿನ

ಆಗ ಮನಸ್ಸು ಬೈಯುವ ಮಾತುಗಳನ್ನು ಇದ್ದಂತೆಯೇ ಹಾಳೆಯ ಮೇಲೆ ಬರೆಯಿರಿ. ಅದೇ ತಪ್ಪು ಮಾಡಿದ ತಂಗಿಗೋ ಸಹೋದ್ಯೋಗಿಗೋ ಏನು ಹೇಳುತ್ತಿದ್ದಿರೆಂದು ಕೆಳಗೆ ಬರೆಯಿರಿ. ಎರಡನೆಯ ಮಾತನ್ನೇ ತಮಗೂ ಹೇಳಿಕೊಳ್ಳಬೇಕು. ತನ್ನ ಬಗೆಗಿನ ಕರುಣೆಯನ್ನು 2003ರಿಂದ ಕ್ರಮವಾಗಿ ಅಧ್ಯಯನ ಮಾಡುತ್ತಿರುವ ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನ್ ನೆಫ್ ಅದರಲ್ಲಿ ಮೂರು ಅಂಶಗಳನ್ನು ಗುರುತಿಸುತ್ತಾರೆ: ತನ್ನೊಡನೆ ಮೃದುವಾಗಿರುವುದು, ತಪ್ಪು ಎಲ್ಲ ಮನುಷ್ಯರಿಗೂ ಸಾಮಾನ್ಯವೆಂದು ಕಾಣುವುದು, ನೋವನ್ನು ಅಡಗಿಸದೆ ಹಿಗ್ಗಿಸದೆ ಇದ್ದಷ್ಟೇ ಗಮನಿಸುವುದು. ತಪ್ಪಿನಿಂದ ಯಾರಿಗಾದರೂ ತೊಂದರೆಯಾಗಿದ್ದರೆ ಒಮ್ಮೆ ಕ್ಷಮೆ ಕೇಳಿ, ಸರಿಪಡಿಸಿ. ಒಮ್ಮೆ ಕೇಳಿದರೆ ಸಾಕು.

ಮದುವೆ, ಮಗಳ ಹತ್ತನೆಯ ತರಗತಿಯ ಪರೀಕ್ಷೆ, ಗಣಪತಿ ಹಬ್ಬ, ಕಚೇರಿಯಲ್ಲಿ ಹೊಸ ಮೇಲಧಿಕಾರಿ ಬಂದ ತಿಂಗಳು, ಇಂಥ ಸಮಯಗಳಲ್ಲಿ ಹಳೆಯ ಹಟ ಮರಳುತ್ತದೆ. ಮರಳಿದಾಗ ಐದನೆಯ ಹೆಜ್ಜೆಯೊಂದನ್ನೇ ಕೈಗೆತ್ತಿಕೊಂಡು, ದಿನಕ್ಕೆ ಒಂದು ಕೆಲಸಕ್ಕೆ ಮುಕ್ತಾಯ ಬರೆದುಕೊಳ್ಳಿರಿ.

ಪರಿಣತರ ನೆರವು ಯಾವಾಗ

ಎರಡು ವಾರಗಳಿಗೂ ಹೆಚ್ಚು ಕಾಲ ನಿದ್ದೆ, ಹಸಿವು ಕೆಟ್ಟಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ, ಊಟ ಬಿಟ್ಟು ದೇಹವನ್ನು ದಂಡಿಸುತ್ತಿದ್ದರೆ, ಬೀಗವನ್ನೋ ಕೈಯನ್ನೋ ಎಷ್ಟು ನೋಡಿದರೂ ತೊಳೆದರೂ ನಿಲ್ಲಿಸಲಾಗದೆ ದಿನದ ಗಂಟೆಗಳೇ ಹೋಗುತ್ತಿದ್ದರೆ ಈ ಮಾರ್ಗದರ್ಶಿಯೊಂದೇ ಸಾಲದು. ಕೊನೆಯದು ಗೀಳುರೋಗದ ಲಕ್ಷಣವಾಗಿರಬಹುದು. ಅದಕ್ಕೆ ಪರಿಣಾಮಕಾರಿ ಚಿಕಿತ್ಸೆಯಿದೆ. ಬದುಕೇ ಬೇಡವೆನ್ನುವ ಯೋಚನೆ ಬಂದಿದ್ದರೆ ಅದೇ ದಿನ ಯಾರಿಗಾದರೂ ಹೇಳಿರಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ದಿನದ 24 ಗಂಟೆಯೂ ಶುಲ್ಕವಿಲ್ಲದೆ ಕರೆ ಮಾಡಬಹುದು, ಭಾಷೆಯ ಆಯ್ಕೆಯೂ ಇದೆ. ಮುಂಬೈಯ ಕೆಇಎಂ, ಸಯನ್, ನಾಯರ್ ಆಸ್ಪತ್ರೆಗಳಲ್ಲಿ, ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗಗಳಿವೆ; ಗೋವಾದಲ್ಲಿರುವವರಿಗೆ ಬಾಂಬೋಳಿಯ ಮನೋವೈದ್ಯಕೀಯ ಸಂಸ್ಥೆ ಇದೆ. ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಕಾಣಲು ಹೋಗುವಾಗ ವಾರದ ಟಿಪ್ಪಣಿ ಮತ್ತು ಪ್ರಯೋಗಗಳ ಪುಟಗಳನ್ನು ಜೊತೆಗೆ ಒಯ್ಯಿರಿ. ಅವನ್ನು ಮತ್ತೆ ಅಂದವಾಗಿ ನಕಲು ಮಾಡುವ ಅಗತ್ಯವಿಲ್ಲ. ಗೀಚಿದ ಮೂಲ ಪುಟಗಳೇ ಅವರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತವೆ. ಅಲ್ಲಿ ಹಿಂದಿ, ಮರಾಠಿಗಳಲ್ಲಿ ಮಾತು ತಡವರಿಸಿದರೆ ಕನ್ನಡದಲ್ಲಿ ಬರೆದ ಸಾಲುಗಳನ್ನು ಜೊತೆಗೆ ಬಂದವರು ಓದಿ ಹೇಳಲಿ.